ಗೇಟಿನ ಬಳಿ ಅಳಬಾರದು

ಹೈತ್, ಕೆಂಟ್ ಕರಾವಳಿ
ಅಕ್ಟೋಬರ್ 1947

ಮಿಸೆಸ್ ಹನ್ನಾ ಪ್ರಾಥರೋ ಅವರಿಗೆ, ಆಲಿವ್ ಹಾಗ್ಬೆನ್ ಮಾಡುವ ನಮಸ್ಕಾರಗಳು.

ಮೊದಲಿಗೇ ಹೇಳಿಬಿಡುತ್ತೇನೆ, ಮೇವಿಸ್ ಆರೋಗ್ಯವಾಗಿದ್ದಾಳೆ. ಲಕೋಟೆ ನೋಡಿದ ಕೂಡಲೇ ನಿಮ್ಮ ಎದೆ ಧಸಕ್ಕೆಂದಿರುತ್ತದೆ. ನನಗೆ ಗೊತ್ತು, ಏಳು ವರ್ಷ ನನ್ನದೂ ಅದೇ ಪಾಡಾಗಿತ್ತು. ಹೊಟ್ಟೆ ತುಂಬ ಊಟ ಮಾಡುತ್ತಾಳೆ, ಶಾಲೆಗೆ ಹೋಗುತ್ತಾಳೆ, ನೀವು ಹೆಣೆದುಕೊಟ್ಟ ಹಸಿರು ಸ್ವೆಟರ್ ಬಿಟ್ಟು ಬೇರೆ ಯಾವುದನ್ನೂ ಹಾಕಿಕೊಳ್ಳುವುದಿಲ್ಲ. ನಾನು ಬರೆಯಲು ಕುಳಿತಿರುವುದು ಬೇರೆ ವಿಷಯಕ್ಕೆ. ಅವಳು ಇನ್ನು ಮುಂದೆ ಯಾರ ಮನೆಯಲ್ಲಿ ಬೆಳೆಯಬೇಕು ಎಂಬ ವಿಷಯಕ್ಕೆ.

ನನ್ನ ಇಂಗ್ಲಿಷನ್ನು ನಿಮಗೆ ವೆಲ್ಷ್ ಭಾಷೆಯಲ್ಲಿ ಓದಿ ಹೇಳುವವರು ನಿಮ್ಮ ಪಾದ್ರಿಗಳು ತಾನೇ? ಅವರಿಗೂ ಒಂದು ಮಾತು. ಪಾದ್ರಿಗಳೇ, ನಾನು ಅಲ್ಲಿಗೆ ಬಂದಿದ್ದಾಗ ನಾಲ್ಕು ಮಾತು ಸಿಡುಕಿದರೆ ನೀವು ಅದನ್ನು ಒಂದೇ ಸೌಮ್ಯವಾದ ಮಾತು ಮಾಡಿ ಅವರಿಗೆ ದಾಟಿಸುತ್ತಿದ್ದಿರಿ. ಭಾಷೆ ಬರದಿದ್ದರೂ ಮಾತಿನ ಉದ್ದ ಗಿಡ್ಡ ನನಗೆ ತಿಳಿಯುತ್ತದೆ. ಈ ಸಲ ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಓದಿ.

ಅವಳನ್ನು ಕಳಿಸಿದ ದಿನದ ಕಥೆಯನ್ನು ನಿಮಗೆ ಯಾರೂ ಹೇಳಿರಲಾರರು. 1940ರ ಜೂನ್. ಫ್ರಾನ್ಸ್ ಜರ್ಮನರ ಕೈಗೆ ಬಿದ್ದಿತ್ತು, ಆಚೆ ದಡದ ಫಿರಂಗಿ ಸದ್ದಿಗೆ ನಮ್ಮ ಕಿಟಕಿಯ ಗಾಜು ನಡುಗುತ್ತಿತ್ತು. ಕರಾವಳಿಯ ಮಕ್ಕಳನ್ನೆಲ್ಲ ವೇಲ್ಸ್‌ಗೆ ಸಾಗಿಸಬೇಕೆಂದು ಸರ್ಕಾರ ತೀರ್ಮಾನಿಸಿತು. ಮೇವಿಸ್‌ಗೆ ಐದು ವರ್ಷ. ಕೋಟಿಗೆ ಹೆಸರು, ವಿಳಾಸದ ಚೀಟಿ, ಹೆಗಲಿಗೆ ವಿಷಗಾಳಿಯ ಮುಖವಾಡದ ಡಬ್ಬಿ. ಶಾಲೆಯ ದೊಡ್ಡ ಟೀಚರ್ ನಮಗೆಲ್ಲ ಮೊದಲೇ ತಾಕೀತು ಮಾಡಿದ್ದರು. "ತಾಯಂದಿರು ಗೇಟಿನ ತನಕ ಮಾತ್ರ. ಸ್ಟೇಷನ್ನಿಗೆ ಬರೋದು ಬೇಡ. ಗೇಟಿನ ಹತ್ರ ಯಾರೂ ಅಳಬಾರ್ದು. ನೀವು ಅತ್ರೆ ಮಕ್ಕಳು ಹೊರಡಲ್ಲ." ನಾವು ಹೇಳಿದ ಮಾತು ಕೇಳುವ ಜನ. ಸಾಲಾಗಿ ನಿಂತು, ಮಕ್ಕಳನ್ನು ಪಿಕ್‌ನಿಕ್‌ಗೆ ಕಳಿಸುವವರಂತೆ ಕೈ ಬೀಸಿದೆವು. "ಹಲ್ಲುಜ್ಜೋದು ಮರೀಬೇಡ" ಅಂದೆ. ಐದು ವರ್ಷದ ಮಗುವಿಗೆ ನಾನು ಕೊಟ್ಟು ಕಳಿಸಿದ ಮಾತು ಅಷ್ಟೇ. ಅವಳು ತಿರುಗಿ ತಿರುಗಿ ನೋಡಿದಳು, ನಾನು ನಗುತ್ತಲೇ ಇದ್ದೆ. ಮನೆಗೆ ಬಂದು ಎಲ್ಲ ಹಾಸಿಗೆಗಳ ಹೊದಿಕೆ ಕಿತ್ತು ಒಗೆದುಹಾಕಿದೆ, ಕೊಳೆಯಾಗದವನ್ನೂ.

ಸೆಪ್ಟೆಂಬರಿನಲ್ಲಿ ಜರ್ಮನರು ಬಂದೇಬಿಟ್ಟರು. ಹಿಂದಿನ ದಿನ ನಮ್ಮ ಸೈನ್ಯದವನೊಬ್ಬ ಬಾಗಿಲು ತಟ್ಟಿ, "ಲಾರಿ ಕಾಯ್ತಾ ಇದೆ, ಹೊರಡಿ ಅಮ್ಮಾ" ಎಂದಿದ್ದ. ನನ್ನ ಗಂಡ ಲೆನ್ ಹೊರಡೋಣ ಎಂದ. ನಾನೇ ಒಪ್ಪಲಿಲ್ಲ. ಮಗುವಿನ ಕೋಟಿನ ಮೇಲೆ ಈ ಮನೆಯ ವಿಳಾಸವಿದೆ, ಅವಳು ವಾಪಸ್ ಬಂದಾಗ ಬಾಗಿಲು ತೆಗೆಯಲು ಯಾರಾದರೂ ಬೇಡವೇ ಎಂಬುದು ನನ್ನ ವಾದ. ಬೆಳಗ್ಗೆ ಮಂಜು ಸರಿದಾಗ ನೋಡುತ್ತೇನೆ, ಸಮುದ್ರದ ತುಂಬ ಚಪ್ಪಟೆ ದೋಣಿಗಳು, ನದಿಯಲ್ಲಿ ಕಲ್ಲಿದ್ದಲು ಸಾಗಿಸುವಂಥವು. ಅಂಥವುಗಳಲ್ಲಿ ಕಡಲು ದಾಟುವುದು ಸಾಧ್ಯವೇ ಇಲ್ಲ ಎಂದು ನಮ್ಮೂರ ಮೀನುಗಾರರು ಪಣ ಕಟ್ಟಿದ್ದರು. ಅರ್ಧ ಮುಳುಗಿದವು, ಅರ್ಧ ದಾಟಿದವು. ಅರ್ಧವೇ ಸಾಕಾಯಿತು. ಕ್ರಿಸ್‌ಮಸ್ ಹೊತ್ತಿಗೆ ಲಂಡನ್ನಿನ ದಕ್ಷಿಣಕ್ಕೆ ಒಂದು ಗಡಿ ಎದ್ದಿತು. ಈಚೆ ಅವರು, ನಾನು. ಆಚೆ ಉಳಿದ ದೇಶ, ಮೇವಿಸ್, ಅವಳನ್ನು ಮನೆಗೆ ಸೇರಿಸಿಕೊಂಡ ನೀವು.

ಆ ಚಳಿಗಾಲದಲ್ಲೇ ದುಡಿಯುವ ವಯಸ್ಸಿನ ಗಂಡಸರನ್ನೆಲ್ಲ ಹಡಗು ಹತ್ತಿಸಿ ಅವರ ದೇಶಕ್ಕೆ ಕೂಲಿಗೆ ಒಯ್ದರು. ಲೆನ್ ಹೋದ. ವಾಪಸ್ ಬರಲಿಲ್ಲ. ಅವನ ಬಗ್ಗೆ ಇಷ್ಟೇ ಬರೆಯುತ್ತೇನೆ, ಹೆಚ್ಚು ಬರೆದರೆ ಈ ಕಾಗದ ಮುಗಿಯುವುದಿಲ್ಲ. ನನ್ನದು ಬೇಸಿಗೆಯಲ್ಲಿ ಸಮುದ್ರಸ್ನಾನಕ್ಕೆ ಬರುವ ಸಂಸಾರಗಳಿಗೆ ಕೋಣೆ ಕೊಡುವ ಬೋರ್ಡಿಂಗ್ ಮನೆ. ಆ ಕೋಣೆಗಳಿಗೆ ಅವರ ಸಾರ್ಜೆಂಟುಗಳು ಬಂದು ಇಳಿದರು. "ಕಾಲಿನ ಮರಳು ಕೊಡವಿ ಒಳಗೆ ಬರುವುದು" ಎಂಬ ನನ್ನ ಬೋರ್ಡು ಬಾಗಿಲಲ್ಲಿ ಹಾಗೆಯೇ ಇತ್ತು. ಒಬ್ಬ ಅದನ್ನು ಓದಿ ಉಳಿದವರಿಗೆ ವಿವರಿಸಿದ. ಮಾರನೆಯ ದಿನದಿಂದ ಎಲ್ಲರೂ ಸಾಲಾಗಿ ನಿಂತು ಬೂಟು ಕೊಡವತೊಡಗಿದರು. ಇಡೀ ದೇಶಕ್ಕೆ ಹೇಳದೆ ಕೇಳದೆ ನುಗ್ಗಿದವರು ನನ್ನ ಹಜಾರಕ್ಕೆ ಮಾತ್ರ ಕಾಲು ಒರೆಸಿಕೊಂಡು ಬಂದರು. "ಆ ಬೋರ್ಡನ್ನ ಬೀಚಲ್ಲಿ ನೆಟ್ಟಿದ್ರೆ ಯುದ್ಧವೇ ಆಗ್ತಿರ್ಲಿಲ್ಲ ಕಣೇ" ಎಂದು ಪಕ್ಕದ ಮನೆಯ ಮಿಸೆಸ್ ಪಿಲ್ಚರ್ ಗೇಲಿ ಮಾಡುತ್ತಿದ್ದಳು. ಅವಳ ಗಂಡನೂ ಅದೇ ಹಡಗಿನಲ್ಲಿ ಹೋದವನು. ನಗದೆ ಇನ್ನೇನು ಮಾಡುವುದು.

ತಿಂಗಳುಗಟ್ಟಲೆ ಕಾದರೆ ರೆಡ್ ಕ್ರಾಸ್ ಮೂಲಕ ನಿಮ್ಮಿಂದ ಎರಡು ಸಾಲು ಬರುತ್ತಿತ್ತು. ಮೇವಿಸ್ ಕ್ಷೇಮ, ಮುಂದಿನ ಹಲ್ಲು ಬಿದ್ದಿದೆ. ಮೇವಿಸ್ ಕ್ಷೇಮ, ಹಾಲು ಕರೆಯಲು ಕಲಿತಿದ್ದಾಳೆ. ಆ ಹಲ್ಲು, ಆ ಹಾಲು ಇಟ್ಟುಕೊಂಡೇ ನಾನು ಇಲ್ಲಿ ಕುಳಿತು ಮನಸ್ಸಿನಲ್ಲೇ ಮಗಳನ್ನು ಬೆಳೆಸಿದೆ. ಅದಕ್ಕೆ ನಿಮಗೆ ಒಂದು ದಿನವೂ ಧನ್ಯವಾದ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಈ ವಸಂತದಲ್ಲಿ ಜರ್ಮನರು ಹೊರಟುಹೋದರು. ನಾವು ಓಡಿಸಿದ್ದಲ್ಲ, ಅವರ ದೇಶದಲ್ಲೇ ಏನೋ ಕುಸಿದು ವಾಪಸ್ ಕರೆಸಿಕೊಂಡರು. ಗಡಿ ತೆರೆದ ವಾರವೇ ನಾನು ರೈಲು ಹತ್ತಿದೆ. ನಿಮ್ಮ ಅಡುಗೆಮನೆಯಲ್ಲಿ ಹನ್ನೆರಡರ ಹುಡುಗಿಯೊಬ್ಬಳು ಎದ್ದುನಿಂತು ನನಗೆ ಕುರ್ಚಿ ಕೊಟ್ಟಳು. ಮೇಲಿನ ಕಪಾಟಿನಿಂದ ಚಿನ್ನದಂಚಿನ ಕಪ್ಪು ಇಳಿಸಿ, ಒರೆಸಿ, ಚಹಾ ತಂದಿಟ್ಟು, "ಪ್ರಯಾಣ ಚೆನ್ನಾಗಿತ್ತಾ?" ಎಂದು ತಡವರಿಸುವ ಇಂಗ್ಲಿಷಿನಲ್ಲಿ ಕೇಳಿದಳು. ಆಮೇಲೆ ನಿಮ್ಮ ಕಡೆ ತಿರುಗಿ ವೆಲ್ಷ್‌ನಲ್ಲಿ ಏನೋ ರೇಗುತ್ತ, ಅಂಚು ಒಡೆದ ಕಪ್ಪೊಂದನ್ನು ನಿಮ್ಮ ಕೈಗೆ ತುರುಕಿದಳು. ಜೀವಮಾನವೆಲ್ಲ ಅತಿಥಿಗಳಿಗೆ ಒಳ್ಳೆಯ ಕಪ್ಪು, ಮನೆಯವರಿಗೆ ಒಡಕು ಕಪ್ಪು ಕೊಟ್ಟವಳು ನಾನು. ಅದರ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಮ್ಮ ಮೇಲೆ ವಿಪರೀತ ಹೊಟ್ಟೆಕಿಚ್ಚಾಯಿತು. ಪಾದ್ರಿಗಳೇ, ಹೊಟ್ಟೆಕಿಚ್ಚು ಎಂದೇ ಓದಿ.

ನೀವೋ, ಅವಳ ಬಟ್ಟೆಗೆಲ್ಲ ಇಸ್ತ್ರಿ ಹಾಕಿ ಪೆಟ್ಟಿಗೆ ತುಂಬಿಟ್ಟಿದ್ದಿರಿ. ಹೊರಡುವ ಬೆಳಗ್ಗೆ, ಹಸು ಈಯುತ್ತಿದೆ ಎಂದು ಕೊಟ್ಟಿಗೆಗೆ ಹೋದವರು ಹೊರಗೆ ಬರಲೇ ಇಲ್ಲ. ಗಾಡಿ ತಿರುವು ದಾಟುವವರೆಗೂ ಮೇವಿಸ್ ಆ ಬಾಗಿಲನ್ನೇ ನೋಡುತ್ತಿದ್ದಳು. ಹಸುಗಳ ವಿಷಯ ನನಗೇನೂ ತಿಳಿಯದು. ಆದರೆ ಆ ದಿನ ನಿಮ್ಮ ಯಾವ ಹಸುವೂ ಈಯಲಿಲ್ಲ ಎಂಬುದು ಮಾತ್ರ ಗೊತ್ತು.

ಇಲ್ಲಿಗೆ ಬಂದ ಮೇಲೆ ಅವಳಂಥ ಒಳ್ಳೆಯ ಅತಿಥಿಯನ್ನು ನನ್ನ ಮನೆ ಕಂಡಿಲ್ಲ. ಹಾಸಿಗೆ ತಾನೇ ಮಡಿಸುತ್ತಾಳೆ, ಊಟವಾದ ಮೇಲೆ ಥ್ಯಾಂಕ್ಸ್ ಹೇಳುತ್ತಾಳೆ, ಎದುರು ಮಾತಿಲ್ಲ. ಒಂದು ದಿನ ಹಿತ್ತಲಲ್ಲಿ ಮಿಸೆಸ್ ಪಿಲ್ಚರ್‌ಳ ಕೋಳಿಗಳ ಜೊತೆ ವೆಲ್ಷ್‌ನಲ್ಲಿ ಹರಟುತ್ತ ನಗುವುದು ಕೇಳಿಸಿತು. ಅಂಥ ನಗು ಮನೆಯೊಳಗೆ ಒಮ್ಮೆಯೂ ಬಂದಿರಲಿಲ್ಲ. ಆ ವಾರವೆಲ್ಲ ಯೋಚಿಸಿ ಒಂದು ನಿರ್ಧಾರಕ್ಕೆ ಬಂದೆ. ಹೋದ ಭಾನುವಾರ ಇಬ್ಬರೂ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಗ, "ಮೇವಿಸ್, ನಿನ್ನನ್ನ ಹನ್ನಾ ಆಂಟಿ ಹತ್ರ ವಾಪಸ್ ಕಳಿಸ್ತೀನಿ. ಅಲ್ಲೇ ನಿಂಗೆ ಒಳ್ಳೇದು. ನಂಗೇನೂ ಬೇಜಾರಿಲ್ಲ" ಎಂದೆ. ನಗುತ್ತಲೇ ಹೇಳಿದೆ.

"ನೀವು ಹೇಳಿದ ಹಾಗೆ ಆಗ್ಲಿ" ಎಂದಳು. ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು. ಆಮೇಲೆ ಚಾಕು ಕೆಳಗಿಟ್ಟಳು.

"ಒಂದ್ಸಲ ನೀನು ಕಳಿಸ್ದೆ, ಒಳ್ಳೇದಕ್ಕೆ ಅಂತ. ಆಮೇಲೆ ಹನ್ನಾ ಆಂಟಿ ಕಳಿಸಿದ್ರು, ಒಳ್ಳೇದಕ್ಕೇ. ಈಗ ಮತ್ತೆ ನೀನು. ನಾನು ಹೋದ್ರೆ ನಿಮಗಿಬ್ರಿಗೂ ಏನೂ ಆಗಲ್ಲ ಅಲ್ವಾ? ಹೋಗ್ಬೇಡ ಅಂತ ಒಬ್ರಾದ್ರೂ ಅಂದ್ರಾ?"

ಮಿಸೆಸ್ ಪ್ರಾಥರೋ, ದೋಣಿಗಟ್ಟಲೆ ಜರ್ಮನರು ಬಂದಾಗಲೂ ನಾನು ಕಾಲೂರಿ ನಿಂತಿದ್ದೆ. ಅವತ್ತು ಸಿಪ್ಪೆಯ ರಾಶಿಯ ಪಕ್ಕ ನೆಲದ ಮೇಲೆ ಕುಳಿತುಬಿಟ್ಟೆ. ಏಳು ವರ್ಷದ್ದೂ ಒಟ್ಟಿಗೆ ಬಂತು. ಅಳುತ್ತಲೇ "ಹೋಗ್ಬೇಡ" ಅಂದೆ. ಇನ್ನೊಂದು ಸಲ ಅಂದೆ. ಅವಳೂ ಬಂದು ಪಕ್ಕದಲ್ಲಿ ಕುಳಿತಳು. ತುಂಬ ಹೊತ್ತಾದ ಮೇಲೆ, "ಆಲೂಗಡ್ಡೆ ಎಲ್ಲ ಕಪ್ಪಾಗ್ತಾ ಇದೆ, ನೋಡ್ಕೋಬಾರ್ದಾ?" ಎಂದು ನನ್ನನ್ನೇ ಗದರಿದಳು. ನನ್ನ ಮಗಳು ನನ್ನನ್ನು ಗದರಿದ್ದು ಅದೇ ಮೊದಲು.

ಅವಳು ಇಲ್ಲಿರಲು ಒಪ್ಪಿದ್ದಾಳೆ. ಬೇಸಿಗೆ ರಜೆ ಪೂರ್ತಿ ನಿಮ್ಮಲ್ಲಿ ಎಂದು ಮಾತಾಗಿದೆ. ಆದರೆ ಅವಳ ಪ್ರಶ್ನೆ ಇಬ್ಬರಿಗೂ ಕೇಳಿದ್ದು. ನನ್ನ ಪಾಲಿನ ಉತ್ತರವನ್ನು ನಾನು ಕೊಟ್ಟೆ. ನಿಮ್ಮದನ್ನು ನೀವೇ ಕೊಡಬೇಕು. ನಿಮಗೆ ಬೈಬಲ್ ಓದಿ ಓದಿ ವೆಲ್ಷ್ ಬರೆಯಲು ಬರುತ್ತದೆಂದು ಮೇವಿಸ್ ಹೇಳಿದಳು. ಅವಳಿಗೆ ಒಂದು ಕಾಗದ ಬರೆಯಿರಿ. ಪಾದ್ರಿಗಳ ಕೈಗೆ ಕೊಡಬೇಡಿ, ನನಗೆ ಅರ್ಥವಾಗಬೇಕಾಗಿಯೂ ಇಲ್ಲ. ಆ ಬೆಳಗ್ಗೆ ಕೊಟ್ಟಿಗೆಯೊಳಗೆ ನೀವು ಏನು ಮಾಡುತ್ತಿದ್ದಿರಿ ಎಂಬುದನ್ನು ಅವಳಿಗೆ ಹೇಳಿ.

ಅದನ್ನು ಓದಿ ಅವಳು ಪೆಟ್ಟಿಗೆ ಎತ್ತಿಕೊಂಡು ನಿಮ್ಮಲ್ಲಿಗೇ ಹೊರಟುನಿಂತರೆ ನನ್ನ ಗತಿ ಏನು ಎಂದು ಯೋಚಿಸದೆ ಇಲ್ಲ. ಆದರೂ ಬರೆಯಿರಿ, ಹನ್ನಾ. ತನ್ನನ್ನು ಬಿಟ್ಟುಕೊಡಲು ಮನಸ್ಸಿಲ್ಲದವರು ಇಬ್ಬರಿದ್ದರು ಎಂದು ಆ ಹುಡುಗಿಗೆ ಗೊತ್ತಾಗಬೇಕು.

ನಿಮ್ಮ ಹೊಟ್ಟೆ ತಣ್ಣಗಿರಲಿ.

ಇಂತಿ,
ಮೇವಿಸ್‌ಳ ಇನ್ನೊಬ್ಬ ತಾಯಿ,
ಆಲಿವ್