ಟ್ರೇ ಇಲ್ಲದ ಕೈ

ಮಂಗಳವಾರ, ಮಾರ್ಚ್ ೧೨

ಹೊಟ್ಟೆ ಉರಿಯುತ್ತಿದೆ. ನಮ್ಮ ಮಾನಸಿಕ ರೋಗಿಗಳ ವಾರ್ಡಿನಲ್ಲಿ ಶುಶ್ರೂಷೆ ಹೇಗಿದೆಯೆಂದು ಸಂಶೋಧನೆ ಮಾಡಿದ ಮೇಡಂ ಇವತ್ತು ಫಲಿತಾಂಶ ಹೇಳಿದರು. ರೋಗಿಗಳೆಲ್ಲ ಮೆಚ್ಚಿದ್ದು ಚಿಕ್ಕ ಸಿಸ್ಟರನ್ನಂತೆ! "ಪಕ್ಕದಲ್ಲಿ ಕೂತು ಮಾತಾಡ್ತಾಳೆ" ಅಂದರಂತೆ. ಕೂರದೆ ಏನು? ಇಂಜೆಕ್ಷನ್ನುಗಳನ್ನೆಲ್ಲ ನನ್ನ ತಲೆಗೆ ಕಟ್ಟಿದ್ದಾಳಲ್ಲ, ಮಹಾರಾಣಿ.

ನೋಡೇಬಿಡೋಣ ಎಂದು ಸಂಜೆ ನಾನೂ ಇಂಜೆಕ್ಷನ್ ಟ್ರೇ ಬದಿಗಿಟ್ಟು, ಟೈಲರ್ ಅಜ್ಜನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. "ಏನಜ್ಜ, ನಿದ್ದೆ ಬಂತಾ?" ಎಂದೆ, ಅವಳ ಹಾಗೆಯೇ ನಗುತ್ತ.

ಅಜ್ಜ ಕಣ್ಣು ಮುಚ್ಚಿ, ಅಂಗಿಯ ತೋಳು ಮೇಲೇರಿಸಿ, ಕೈ ಚಾಚಿದ.

"ಬೇಗ ಚುಚ್ಚಿಬಿಡಮ್ಮ."

ಅಷ್ಟರಲ್ಲಿ ಅವಳೇ ಬಂದು ಆ ತೋಳನ್ನು ಮೆಲ್ಲಗೆ ಇಳಿಸಿದಳು. ಅಜ್ಜ ಕಣ್ಣು ಬಿಟ್ಟು ನಕ್ಕ, ಅವಳಿಗೆ.

ನಾಳೆಯಿಂದ ಟ್ರೇ ಅವಳೇ ಹಿಡಿಯಲಿ. ಆಗ ಅಜ್ಜ ಯಾರನ್ನು ನೋಡಿ ನಗುತ್ತಾನೋ ನೋಡೋಣ.