ಜುಟ್ಟು ತೆಗೆದ ಊರು

ಬೆನ್ ದಾವ್
ಮಂಗನ ವರ್ಷ, ಮೂರನೇ ತಿಂಗಳು, ಹುಣ್ಣಿಮೆಯ ಮರುದಿನ

ಪ್ರೀತಿಯ ತಂಗಿ ನ್ಯಾನ್‌ಗೆ,

ಅಕ್ಕ ಇಷ್ಟು ದಿನ ಕಾಗದ ಬರೆಯಲಿಲ್ಲವೆಂದು ಹೊಯ್ ಆನ್ ಪೇಟೆಯಲ್ಲಿ ಕೂತು ಮೂತಿ ಊದಿಸಿಕೊಂಡಿರುತ್ತೀಯ, ಗೊತ್ತು. ಬೈಯುವುದನ್ನೆಲ್ಲ ಬೈದು ಮುಗಿಸಿ ಆಮೇಲೆ ಓದು. ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ನಿನ್ನ ಭಾವ ಖಿಯೆಮ್ ಬದುಕಿದ್ದಾರೆ, ಮನೆಯಲ್ಲೇ ಇದ್ದಾರೆ. ಜಗಲಿಯಲ್ಲಿ ಕೂತು ಗೆಣಸು ತಿನ್ನುತ್ತಾ, ಸೊಪ್ಪಿನ ಸಾರು ಸಪ್ಪೆ ಎಂದು ಗೊಣಗುತ್ತಿದ್ದಾರೆ. ಆ ಗೊಣಗಾಟ ಕೇಳಿ ನನಗಾಗುತ್ತಿರುವ ಸುಖವನ್ನು ಹೇಗೆ ಹೇಳಲಿ!

ಹೋದ ತಿಂಗಳು ನಮ್ಮ ಕಡೆಯ ರೈತರೆಲ್ಲ ಸೇರಿ ಅಧಿಕಾರಿಯ ಬಾಗಿಲಿಗೆ ಹೋದದ್ದು ನಿನ್ನ ಕಿವಿಗೂ ಬಿದ್ದಿರಬೇಕು. ಫ್ರೆಂಚರ ರಸ್ತೆಗೆ ಬಿಟ್ಟಿ ದುಡಿದು ದುಡಿದು ಗದ್ದೆಗಳು ಬೀಳು ಬಿದ್ದಿದ್ದವು, ಅದರ ಮೇಲೆ ತಲೆಗಂದಾಯ ಬೇರೆ ಏರಿಸಿದರು. ಕಂದಾಯ ಇಳಿಸಿ ಎಂದು ಕೇಳಲು ನಿನ್ನ ಭಾವನೂ ಹೋದರು. ಹೋಗುವ ಮುಂಚೆ ಹೊಳೆದಂಡೆಯಲ್ಲಿ ಎಲ್ಲರಂತೆ ಜುಟ್ಟು ಕತ್ತರಿಸಿಕೊಂಡರು. ಹಳೇ ಬಾಳು ಸಾಕು ಎನ್ನುವುದಕ್ಕೆ ಅದೇ ಗುರುತಂತೆ. ಇವರ ಕಿವಿ ಇಷ್ಟು ದೊಡ್ಡದೆಂದು ನನಗೆ ಗೊತ್ತಾದದ್ದೇ ಅವತ್ತು.

ಆ ಗುರುತೇ ಕುತ್ತಿಗೆಗೆ ಬಂತು. ಕೂದಲು ಕತ್ತರಿಸಿದ ತಲೆ ಕಂಡರೆ ಸಾಕು, ಹೆಸರೂ ಕೇಳದೆ ಸಿಪಾಯಿಗಳು ಕಟ್ಟಿ ಒಯ್ಯುತ್ತಿದ್ದರು, ಸಮುದ್ರದಾಚೆಯ ಜೈಲಿಗೆ. ಒಂದು ಬೆಳಿಗ್ಗೆ ಅವರು ಪಕ್ಕದೂರಿಗೆ ಬಂದಿದ್ದಾರೆಂದು ಸುದ್ದಿ ಬಂತು. ಬೆಟ್ಟಕ್ಕೆ ಓಡೋಣವೆಂದರೆ ದಾರಿಯಲ್ಲೆಲ್ಲ ಕಾವಲು. ನಾನು ಇವರ ತಲೆಗೆ ವಸ್ತ್ರ ಸುತ್ತುತ್ತಾ ಅಳುತ್ತಿದ್ದೆ. ಅಪ್ಪ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಬದಿಗಿಟ್ಟು, ಅಂಗಳದ ನಡುವೆ ಮಣೆ ಹಾಕಿಕೊಂಡು ಕೂತರು.

“ಸೆನ್, ಕತ್ತರಿ ತಗೊಂಡ್ ಬಾ. ನನ್ ಜುಟ್ಟು ತೆಗಿ.”

“ಅಪ್ಪಾ, ನಿಮ್ಗೇನ್ ತಲೆ ಕೆಟ್ಟಿದ್ಯಾ?”

“ಊರಲ್ಲಿರೋ ತಲೆಯೆಲ್ಲಾ ಬೋಳಾದ್ರೆ ಯಾವ್ದನ್ನ ಅಂತ ಹಿಡೀತಾರೆ? ಬೇಗ ತಾರೇ!”

ಹೆತ್ತವರು ಕೊಟ್ಟ ಕೂದಲನ್ನು ಒಂದೆಳೆಯೂ ಕೆಡಿಸಬಾರದೆಂದು ಜೀವಮಾನವಿಡೀ ಪಾಠ ಹೇಳಿದ ಮೇಷ್ಟರು ಅವರು! ಇವರು ಜುಟ್ಟಿಲ್ಲದೆ ಬಂದ ದಿನ ಜೊತೆಗೆ ಊಟಕ್ಕೂ ಕೂತಿರಲಿಲ್ಲ. ನಾನು ಕತ್ತರಿ ಆಡಿಸಿದೆ. ಬಿಳಿ ಜುಟ್ಟು ಮಡಿಲಿಗೆ ಬಿದ್ದಾಗ ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು.

ಮೇಷ್ಟರೇ ಕೂತ ಮೇಲೆ ಉಳಿದವರು ಬಿಡುತ್ತಾರೆಯೇ? ಅಧಿಕಾರಿಯ ಬಾಗಿಲಿಗೆ ಹೋದವರೂ ಹೋಗದವರೂ ಬಂದು ತಲೆ ಕೊಟ್ಟರು. ಪಕ್ಕದ ಮನೆಯ ಬಾಯ್ ಅಜ್ಜಿ ಎಲೆಅಡಿಕೆ ಉಗಿದು, “ಇದ್ಬದ್ದ ಗಂಡಸ್ರೆಲ್ಲಾ ಭಿಕ್ಷುಗಳಾದ್ರೆ ನಮ್ ಹೆಣ್ಮಕ್ಕಳ ಗತಿ ಏನ್ರೋ!” ಎಂದಳು. ಅಳುತ್ತಿದ್ದವಳು ನಕ್ಕುಬಿಟ್ಟೆ.

ಸಿಪಾಯಿಗಳು ಬಂದರು. ಕುದುರೆಯ ಮೇಲೆ ಫ್ರೆಂಚ್ ಅಧಿಕಾರಿ, ಪಕ್ಕದಲ್ಲಿ ಒಬ್ಬ ದುಭಾಷಿ. ನೋಡಿದರೆ ಊರಿಗೆ ಊರೇ ಬೋಳು. “ಇದೇನಿದು?” ಎಂದು ದುಭಾಷಿಯ ಬಾಯಲ್ಲಿ ಕೇಳಿಸಿದ.

“ಹೇನು ಸ್ವಾಮಿ,” ಎಂದರು ಅಪ್ಪ, ಎಂದೂ ಸುಳ್ಳಾಡದ ನಮ್ಮಪ್ಪ. “ಊರಿಗೆಲ್ಲಾ ಹೇನು ಹತ್ಕೊಂಡ್ಬಿಟ್ಟಿದೆ.”

“ನನ್ ತಲೇಲಿ ಇನ್ನೂ ಇದೆ, ತೋರಿಸ್ಲಾ?” ಎಂದು ಬಾಯ್ ಅಜ್ಜಿ ಮುಂದೆ ಬಂದಳು. ಕುದುರೆ ಹಿಂದೆ ಸರಿಯಿತು. ಎಲ್ಲರನ್ನೂ ಕಟ್ಟಿ ಒಯ್ದರೆ ರಸ್ತೆಗೆ ಮಣ್ಣು ಹೊರುವವರು ಯಾರು? ಅಧಿಕಾರಿ ಕೂಗಾಡಿ, ದುಭಾಷಿಯನ್ನು ಅದೂ ಇದೂ ಕೇಳಿ, ಕೊನೆಗೆ ಹೊರಟೇಹೋದ. ನಮ್ಮ ಹಂದಿಯನ್ನು ಹೊಡೆದುಕೊಂಡು ಹೋದರು. ಹಾಳಾಗಿ ಹೋಗಲಿ, ಮನುಷ್ಯರು ಉಳಿದರು. ಅವತ್ತು ಬಿಟ್ಟ ಉಸಿರನ್ನು ನಾನಿನ್ನೂ ಬಿಡುತ್ತಲೇ ಇದ್ದೇನೆ.

ನಿನ್ನ ಬಸುರನ್ನು ಹಿರಿಯರು ಕಾಯಲಿ. ಹುಳಿ ತಿನ್ನಬೇಕೆನಿಸಿದರೆ ತಿನ್ನು, ಅತ್ತೆಗೆ ಹೆದರಬೇಡ. ಅಪ್ಪ, ಭಾವ ಇಬ್ಬರೂ ನಿನಗೆ ಆಶೀರ್ವಾದ ಹೇಳಿದ್ದಾರೆ.

ನಿನ್ನ ಅಕ್ಕ,
ಸೆನ್

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಆ ದುಭಾಷಿ ನಿನ್ನ ಯಜಮಾನರು. ನಿನಗೆ ಹೇಳಿದ್ದಾರೋ ಇಲ್ಲವೋ. ಅಧಿಕಾರಿ ಚಾವಟಿಯಿಂದ ಅಪ್ಪನನ್ನು ತೋರಿಸಿ ನಮ್ಮ ಭಾಷೆಯಲ್ಲೇ ತೊದಲಿ, “ಈ ಮುದುಕ ಗೊತ್ತಾ ನಿನಗೆ?” ಎಂದ. ಗೊತ್ತು ಎಂದಿದ್ದರೆ ನಂಟು ಹೊರಬಿದ್ದು, ಎಲ್ಲರೂ ಒಳಗೊಳಗೇ ಸೇರಿದ್ದಾರೆಂದು ಮಾವ, ಅಳಿಯಂದಿರು ಯಾರನ್ನೂ ಉಳಿಸುತ್ತಿರಲಿಲ್ಲ. ಅವರು ಅಪ್ಪನ ಮುಖವನ್ನೇ ನೋಡಿ, “ಇಲ್ಲ, ಇವ್ನನ್ನ ನಾನು ಕಂಡೇ ಇಲ್ಲ” ಎಂದರು. ನಮ್ಮನ್ನೆಲ್ಲ ಉಳಿಸಿದ್ದು ಆ ಮಾತು. ಅವರ ಕಾಲಿಗೆ ಬೀಳಲೂ ನಾನು ತಯಾರು. ಅಪ್ಪನಿಗೂ ಇದು ಗೊತ್ತು. ಆದರೂ ನಿನ್ನೆ ನೀರಿನ ಗುಡಾಣಕ್ಕೆ ಬಗ್ಗಿ ತಮ್ಮ ಜುಟ್ಟಿಲ್ಲದ ಮುಖ ನೋಡಿಕೊಳ್ಳುತ್ತಿದ್ದರು. “ಅವ್ನು ಬೇಕಂತ ಹಂಗಂದ್ನೋ, ನಿಜ್ವಾಗ್ಲೂ ಗುರ್ತು ಸಿಗ್ಲಿಲ್ವೋ?” ಎಂದರು. “ಬೇಕಂತ್ಲೇ ಅಪ್ಪ” ಎಂದೆ. ನಂಬಲಿಲ್ಲ. “ನಾಳೆ ನಾನು ಸತ್ತು ಮೇಲೆ ಹೋದಾಗ ನಿಮ್ಮಮ್ಮನೂ ಹಂಗೇ ಅಂದ್ಬಿಟ್ರೆ?” ಎಂದರು. ಅಮ್ಮನ ತಿಥಿಗೆ ನಿನ್ನ ಯಜಮಾನರನ್ನು ಕರೆದುಕೊಂಡು ಬಾ, ನ್ಯಾನ್. ಬೇಲಿಬಾಗಿಲಲ್ಲೇ ನಿಂತು, ದೂರದಿಂದಲೇ, “ಮಾವಾ” ಎಂದು ಒಮ್ಮೆ ಕೂಗಲಿ.