ಸರ್ವಮಂಗಳಮ್ಮನ ಹೆಸರಿನ ಮುಂದಿನ ‘ಇಲ್ಲ’

ದಾವಣಗೆರೆ
೩೦ನೇ ಫೆಬ್ರವರಿ, ೨೧೯೪

ಪ್ರೀತಿಯ ಅರ್ಪಿತಾ ಅಜ್ಜಿಯವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮಗಿನ್ನೂ ಮೂವತ್ತೆಂಟು, ಅಜ್ಜಿ ಅಂದರೆ ಸಿಟ್ಟು ಬಂದೀತು. ಆರು ತಲೆಮಾರು ಕೆಳಗೆ ನಿಂತು ಬೇರೇನೆಂದು ಕರೆಯಲಿ?

ನೀವೀಗ ಊಟದ ಮೇಜಿನ ಮೇಲೆ ಮೂರು ವಿಮಾ ಕಂಪನಿಗಳ ಕಾಗದ ಹರಡಿಕೊಂಡು ಕೂತಿದ್ದೀರಿ. ಅಪ್ಪ ಅಮ್ಮನಿಗೆ ಯಾವುದು ಸರಿ ಎಂದು ತಿಂಗಳಿಂದ ತಲೆ ಕೆಡಿಸಿಕೊಂಡು, ಕೊನೆಗೆ ಒಳ್ಳೆಯದನ್ನೇ ಆರಿಸಿದ್ದೀರಿ: ಹಳೆಯ ಕಾಯಿಲೆಯನ್ನು ಮೊದಲೇ ತಿಳಿಸಿದರೆ, ಎರಡು ವರ್ಷ ಕಾದ ಮೇಲೆ ಅದರ ಚಿಕಿತ್ಸೆಗೂ ಖರ್ಚು ಕೊಡುವಂಥದ್ದು. ತಪ್ಪಿರುವುದು ಒಂದೇ ಕಡೆ. ‘ಈಗಾಗಲೇ ಇರುವ ಕಾಯಿಲೆ’ ಎಂದು ಫಾರಂ ಕೇಳುವಲ್ಲಿ ನಿಮ್ಮಮ್ಮ ಸರ್ವಮಂಗಳಮ್ಮನವರ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದಿದ್ದೀರಿ. ಫೋನಿನಲ್ಲಿ ಕೇಳಿದ್ದಕ್ಕೆ ಅವರು, “ನಂಗೇನಿಲ್ಲ ಬಿಡೇ, ನಿಮ್ಮಪ್ಪಂದು ಸರಿಯಾಗಿ ಬರಿ” ಅಂದರು. ನೀವು ನಂಬಿದಿರಿ.

ನಿಮ್ಮ ಡೈರಿ ನಮ್ಮ ಮನೆಯಲ್ಲಿದೆ. ಅದರಲ್ಲಿರುವಂತೆ, ಈ ಫಾರಂ ಕಳಿಸಿದ ಮೂರು ವರ್ಷದ ಮೇಲೆ ನಿಮ್ಮಮ್ಮ ಆಸ್ಪತ್ರೆ ಸೇರಿದರು. ಹೃದಯದ ಮಾತ್ರೆಯ ಹಳೆಯ ಚೀಟಿ ಅವರ ಪರ್ಸಿನಲ್ಲೇ ಸಿಕ್ಕಿತು. ಮುಚ್ಚಿಟ್ಟಿದ್ದೀರೆಂದು ವಿಮೆಯವರು ಕೈಯೆತ್ತಿಬಿಟ್ಟರು. ಮೆಟ್ಟಿಲ ಅರ್ಧದಲ್ಲಿ ನಿಂತು ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದುದು ಉಸಿರಿಗಾಗಿ ಎಂದು ನಿಮ್ಮಪ್ಪನಿಗೆ ಆಗ ಹೊಳೆಯಿತಂತೆ. ಮಗಳಿಗೆ ಭಾರವಾಗಬಾರದೆಂದು ಅಮ್ಮ ಹಟ ಹಿಡಿದು, ಚಿಕಿತ್ಸೆ ಅರ್ಧಕ್ಕೇ ಬಿಟ್ಟು ಮನೆಗೆ ಬಂದರು. ಆಮೇಲೆ ಹನ್ನೊಂದು ಪುಟ ಖಾಲಿ ಇವೆ. ಅವನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತದೆ.

ನಮ್ಮಲ್ಲಿ ಇಂಥ ಫಾರಂಗಳಿಲ್ಲ. ಎಲ್ಲರ ಮಣಿಕಟ್ಟಿನಲ್ಲೂ ಮೈಗಾವಲು ಎಂಬ ಪಟ್ಟಿಯಿರುತ್ತದೆ. ಉಸಿರು ಸ್ವಲ್ಪ ಏರಿದರೂ ಆಸ್ಪತ್ರೆಗೂ ಮಕ್ಕಳಿಗೂ ಅದೇ ಸುದ್ದಿ ಮುಟ್ಟಿಸುತ್ತದೆ. ಹಾಗಾಗಿ ಹುಷಾರಾಗಿದ್ದೀಯಾ ಎಂದು ಕೇಳುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ಕೇಳುವ ಭಾಗ್ಯ ನಿಮಗಿನ್ನೂ ಇದೆ.

ಫಾರಂ ಇವತ್ತು ಕಳಿಸಬೇಡಿ. ಅಮ್ಮನ ಮನೆಗೆ ಹೋಗಿ, ಅವರ ಹಿಂದೆಯೇ ಮೆಟ್ಟಿಲು ಹತ್ತಿ. ಅವರು ನಿಂತಲ್ಲಿ ನೀವೂ ನಿಲ್ಲಿ, ಆಮೇಲೆ ಕೇಳಿ. ವಿಮೆಯ ಕಂತು ಜಾಸ್ತಿಯಾದೀತೆಂದು ಹೆದರಿ ಸುಳ್ಳು ಹೇಳಿದ್ದಾರೆ ಅಷ್ಟೇ, ಬೈಯಬೇಡಿ.

ಹೇಗೆ ಕೇಳಿದಿರಿ, ಅವರು ಹೇಗೆ ಬಾಯಿಬಿಟ್ಟರು ಎಂಬುದನ್ನು ಮರೆಯದೆ ಡೈರಿಯಲ್ಲಿ ಬರೆದಿಡಿ. ನನಗೆ ತುರ್ತಾಗಿ ಬೇಕು. ನಿನ್ನೆ ನಮ್ಮಮ್ಮನನ್ನು ನೋಡಲು ಹೋಗಿದ್ದೆ. ಮೈಗಾವಲನ್ನು ಬಿಚ್ಚಿ ಮೆಂತ್ಯದ ಡಬ್ಬಿಯಲ್ಲಿಟ್ಟಿದ್ದರು. ಯಾಕಮ್ಮ ಎಂದೆ.

“ಏನಿಲ್ಲ ಬಿಡೇ” ಅಂದರು.

ನಿಮ್ಮ,
ಇಳಾ